ಮೂರು ಪ್ಲಗ್ಗು, ಒಂದು ನಟ್ಟು: ಓಮ್ನಿಗೆ ಇರಿಡಿಯಂ ಬೇಕಿತ್ತಾ?

ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗುಗಳಲ್ಲಿ ನೂರ ಹತ್ತು ರೂಪಾಯಿಯ ಮಾಮೂಲಿ ನಿಕಲ್ಲಿನದ್ದೇ ನನ್ನ ವ್ಯಾನಿಗೆ ಸಾಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಸಾವಿರದ ನೂರು ಕೊಟ್ಟು, ತುದಿಗೆ ಇರಿಡಿಯಂ ಎಂಬ ಗಟ್ಟಿ ಲೋಹ ಇರುವ ಮೂರು ಪ್ಲಗ್ ತರಿಸಿ, ಹಾಕಿ, ಬೈದು, ತೆಗೆದು, ಮತ್ತೆ ಹಾಕಿ, ಕೊನೆಗೆ ಒಂದನ್ನು ನೆಲಕ್ಕೆ ಬೀಳಿಸಿಕೊಂಡವನು ನಾನು. ಪಕ್ಷಪಾತ ಇಲ್ಲದ ಹೋಲಿಕೆ ಬೇಕಿದ್ದವರು ಬೇರೆ ಯಾರನ್ನಾದರೂ ಕೇಳುವುದು ಒಳ್ಳೆಯದು.

ಗಾಡಿ 2009ರ ಮಾರುತಿ ಓಮ್ನಿ. ಮೂರು ಸಿಲಿಂಡರಿನದ್ದು, ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿ. ಮನೆ ಗಡಿಯ ಈಚೆ, ಕೇರಳದ ಪೆರ್ಲದಿಂದ ಸ್ವಲ್ಪ ಒಳಗೆ. ವ್ಯಾನಿನ ಓಟ ಅಂದರೆ ಬದಿಯಡ್ಕಕ್ಕೆ ಅಡಿಕೆ ಗೋಣಿ, ತಿಂಗಳಿಗೊಮ್ಮೆ ಕಾಸರಗೋಡು, ಮದುವೆ ಮುಂಜಿ ಇದ್ದರೆ ವಿಟ್ಲ, ಪುತ್ತೂರು. ಪೆಟ್ರೋಲಿಗೆ ಸಾರಡ್ಕದ ಆಚೆಗೇ ಹೋಗುವುದು, ಕರ್ನಾಟಕದಲ್ಲಿ ಲೀಟರಿಗೆ ಕೆಲವು ರೂಪಾಯಿ ಕಡಿಮೆ. ಗಡಿಯಲ್ಲಿ ಮನೆ ಇದ್ದುದರಿಂದ ನಮಗೆ ಸಿಕ್ಕಿದ ಲಾಭ ಅದೊಂದೇ ಅಂತ ಕಾಣುತ್ತದೆ. ಎಲ್ಲ ಸೇರಿಸಿದರೂ ವರ್ಷಕ್ಕೆ ಆರೇಳು ಸಾವಿರ ಕಿಲೋಮೀಟರ್ ದಾಟುವುದಿಲ್ಲ. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇರಿಡಿಯಂ ಹುಚ್ಚು ಹತ್ತಿಸಿದ್ದು ಬೆಂಗಳೂರಿನಲ್ಲಿರುವ ಅಳಿಯ. ವಿಷುವಿಗೆ ಬಂದವನು ವ್ಯಾನು ಓಡಿಸಿ ನೋಡಿ, "ಮಾವ, ಇದಕ್ಕೆ ಇರಿಡಿಯಂ ಹಾಕಿ. ಒಮ್ಮೆ ಹಾಕಿದರೆ ಮತ್ತೆ ಲಕ್ಷ ಕಿಲೋಮೀಟರಿಗೆ ನೋಡ್ಲಿಕ್ಕಿಲ್ಲ" ಅಂದ. ಅವನದ್ದು ಹೊಸ ಕಾರು. ಪ್ಲಗ್ಗುಗಳು ಆಳದ ಬಾವಿಯಂಥ ತೂತಿನಲ್ಲಿ, ಮೇಲೆ ಕಾಯಿಲ್, ಅದರ ಮೇಲೆ ಇನ್ನೇನೋ ಪ್ಲಾಸ್ಟಿಕ್. ಬಿಚ್ಚುವ ಕೂಲಿಯೇ ದುಬಾರಿ ಆಗುವಲ್ಲಿ ಬಹುಕಾಲ ಬಾಳುವ ಪ್ಲಗ್ ಹಾಕುವುದು ಬುದ್ಧಿವಂತಿಕೆ. ನನ್ನಲ್ಲಿ ಸೀಟು ಎತ್ತಿದರೆ ಪ್ಲಗ್ಗು ಕಾಣುತ್ತದೆ, ಒಂದು ಸ್ಪ್ಯಾನರ್, ಅರ್ಧ ಗಂಟೆ. ಈ ವ್ಯತ್ಯಾಸ ಆಗ ತಲೆಗೆ ಹೊಳೆಯಲಿಲ್ಲ.

ಅದಕ್ಕೂ ಮೊದಲು ವ್ಯಾನಿನಲ್ಲಿ ಇದ್ದದ್ದು ಎನ್‌ಜಿಕೆ ಕಂಪೆನಿಯ ಬಿಪಿಆರ್ 6 ಇಎಸ್ ಎಂಬ ನಿಕಲ್ ಪ್ಲಗ್, ಅದಕ್ಕೂ ಹಿಂದೆ ಬಾಷ್. ಬಾಷ್ ಅಂತ ಈಗ ಹೇಳುತ್ತೇವೆ, ನಮ್ಮ ಅಪ್ಪನ ಬಾಯಲ್ಲಿ ಅದು ಕೊನೆಯವರೆಗೂ ಮೈಕೊ. 1951ರಲ್ಲಿ ಶುರುವಾದ ಬೆಂಗಳೂರಿನ ಕಂಪೆನಿ, 2008ರಲ್ಲಿ ಹೆಸರು ಬಾಷ್ ಆಯಿತು, ಆದರೆ ಅಂಗಡಿಯಲ್ಲಿ "ಒಂದು ಮೈಕೊ ಕೊಡಿ" ಅಂದರೆ ಹಳೆಯ ಅಂಗಡಿಯವರು ಇಂದಿಗೂ ಸರಿಯಾದ ಪೆಟ್ಟಿಗೆಗೇ ಕೈ ಹಾಕುತ್ತಾರೆ. ಓಡಿಸುವಾಗ ಬಾಷ್ ಯಾವುದು, ಎನ್‌ಜಿಕೆ ಯಾವುದು ಅಂತ ಕಣ್ಣು ಮುಚ್ಚಿ ಹೇಳುವವರಿದ್ದರೆ ಅವರಿಗೆ ದೊಡ್ಡ ನಮಸ್ಕಾರ. ನನಗೆ ಗೊತ್ತಾಗಲಿಲ್ಲ.

ಗೊತ್ತಾದದ್ದು ಒಂದೇ ವಿಷಯ, ಅದೂ ಎಡವಿ ಬಿದ್ದು. ಬಾಷ್ ಪ್ಲಗ್ ಮೇಲೆ ಡಬ್ಲ್ಯುಆರ್ 7 ಡಿಸಿ ಅಂತ ಇತ್ತು. ಅದು ಮುಗಿದಾಗ ಅಂಗಡಿಯಲ್ಲಿ ಬಾಷ್ ಇರಲಿಲ್ಲ. "ಎನ್‌ಜಿಕೆ ಆದರೂ ಸರಿ, ಏಳು ನಂಬರಿನದ್ದು ಕೊಡಿ" ಅಂದೆ. ಕೇಳಿದ್ದನ್ನೇ ಕೊಟ್ಟರು. ಒಂದೂವರೆ ತಿಂಗಳಿಗೆ ಬೆಳಗ್ಗೆ ಸ್ಟಾರ್ಟ್ ಆಗಲು ಕಷ್ಟ, ಪ್ಲಗ್ ತೆಗೆದು ನೋಡಿದರೆ ಕಿಡಿ ಹಾರುವ ಮೂತಿ ತುಂಬ ಮಸಿ, ಬಚ್ಚಲೊಲೆಯ ಹಂಡೆ ತಳದ ಹಾಗೆ. ಸಂಗತಿ ಏನೆಂದರೆ ಈ ನಂಬರು ಪ್ಲಗ್ಗಿನ ಬಿಸಿಯ ದರ್ಜೆ, ಅಂದರೆ ಮೂತಿಯ ಬಿಸಿಯನ್ನು ಅದು ಎಷ್ಟು ಬೇಗ ಎಂಜಿನ್ನಿನ ಹೆಡ್ಡಿಗೆ, ಅಂದರೆ ಸಿಲಿಂಡರಿನ ಮುಚ್ಚಳಕ್ಕೆ, ದಾಟಿಸುತ್ತದೆ ಎನ್ನುವುದರ ಗುರುತು. ಎನ್‌ಜಿಕೆ, ಡೆನ್ಸೊಗಳಲ್ಲಿ ನಂಬರು ಹೆಚ್ಚಾದಷ್ಟೂ ಪ್ಲಗ್ ತಣ್ಣಗೆ. ಬಾಷ್, ಚಾಂಪಿಯನ್‌ಗಳಲ್ಲಿ ತದ್ವಿರುದ್ಧ, ನಂಬರು ಹೆಚ್ಚಾದಷ್ಟೂ ಬಿಸಿ. ಎನ್‌ಜಿಕೆಯ 6, ಬಾಷ್‌ನ 7, ಡೆನ್ಸೊದ 20, ಚಾಂಪಿಯನ್ನಿನ 9, ಇವೆಲ್ಲ ಹತ್ತಿರ ಹತ್ತಿರ ಒಂದೇ. ನಾನು ಏಳಕ್ಕೆ ಏಳು ಸರಿಹೋಯಿತು ಅಂತ ತಣ್ಣಗಿನ ಪ್ಲಗ್ ಹಾಕಿಸಿಕೊಂಡಿದ್ದೆ. ಮೂತಿ ಸುಮಾರು 500 ಡಿಗ್ರಿ ಮುಟ್ಟಿದರೆ ಮಸಿ ತಾನಾಗಿ ಸುಟ್ಟುಹೋಗುತ್ತದೆ, 850ರ ಮೇಲೆ ಹೋದರೆ ಕಿಡಿ ಹಾರುವ ಮೊದಲೇ ಪೆಟ್ರೋಲು ಹೊತ್ತಿಕೊಳ್ಳುವ ಅಪಾಯ. ಈ ಎರಡರ ನಡುವೆ ಇರಿಸುವುದೇ ಆ ನಂಬರಿನ ಕೆಲಸ. ನನ್ನ ವ್ಯಾನು ಎಂಜಿನ್ ಬಿಸಿಯಾಗುವ ಮೊದಲೇ ಪೇಟೆ ಮುಟ್ಟಿ ನಿಲ್ಲುವಂಥದ್ದು. ಅದಕ್ಕೆ ತಣ್ಣಗಿನ ಪ್ಲಗ್ ಹಾಕಿದರೆ ಮಸಿಯಲ್ಲದೆ ಇನ್ನೇನು ಸಿಕ್ಕೀತು. ಅಂಗಡಿಯವರದ್ದು ತಪ್ಪಿಲ್ಲ.

ಇನ್ನೊಂದು ಅಕ್ಷರ ಆರ್. ಒಳಗೆ ರೆಸಿಸ್ಟರ್ ಇದೆ ಅಂತ ಅರ್ಥ. ಇಲ್ಲದ ಪ್ಲಗ್ ಹಾಕಿದರೆ ಮಂಗಳೂರು ಆಕಾಶವಾಣಿಯ ಜೊತೆ ಎಂಜಿನ್ನಿನ ಕರಕರವೂ ಕೇಳುತ್ತದೆ.

ಈಗ ಇರಿಡಿಯಂ. ಬಣ್ಣಬಣ್ಣದ ಪೆಟ್ಟಿಗೆ, ಒಳಗೆ ಮೂತಿಗೆ ರಟ್ಟಿನ ಕೊಳವೆ ತೊಡಿಸಿ ಜೋಪಾನ ಮಾಡಿದ ಪ್ಲಗ್. ಮಾಮೂಲಿ ಪ್ಲಗ್ಗಿನ ನಡುವಿನ ಕಡ್ಡಿ ಎರಡೂವರೆ ಮಿಲಿಮೀಟರ್ ದಪ್ಪ, ಇದರದ್ದು ಅರ್ಧ ಮಿಲಿಮೀಟರಿನ ಆಸುಪಾಸು, ಹೊಲಿಗೆ ಸೂಜಿಯ ಹಾಗೆ. ಮೊನಚಾದಷ್ಟೂ ಕಿಡಿ ಹಾರಲು ಕಡಿಮೆ ವೋಲ್ಟೇಜ್ ಸಾಕು. ಅಷ್ಟು ತೆಳ್ಳಗೆ ಮಾಡಿದರೂ ಸವೆಯದೆ ಉಳಿಯುವುದು ಆ ಲೋಹದ ಗಟ್ಟಿತನದಿಂದ. ನಿಕಲ್ 1455 ಡಿಗ್ರಿಗೆ ಕರಗುತ್ತದೆ, ಪ್ಲಾಟಿನಂ 1768ಕ್ಕೆ, ಇರಿಡಿಯಂ 2446ಕ್ಕೆ. ಅಂದ ಹಾಗೆ ಮಾಮೂಲಿ ಪ್ಲಗ್ಗನ್ನು 'ತಾಮ್ರದ ಪ್ಲಗ್' ಅನ್ನುವುದು ರೂಢಿ. ತಾಮ್ರ ಇರುವುದು ಒಳಗಿನ ತಿರುಳಿನಲ್ಲಿ, ಬಿಸಿ ಎಳೆಯಲು. ಕಿಡಿ ಬೀಳುವ ತುದಿ ನಿಕಲ್ ಮಿಶ್ರಲೋಹದ್ದು. ಇರಿಡಿಯಂ ಪ್ಲಗ್ಗಿನ ಒಳಗೂ ತಾಮ್ರ ಇದೆ. ಹಾಗಾಗಿ "ತಾಮ್ರ ಒಳ್ಳೆಯದೋ ಇರಿಡಿಯಂ ಒಳ್ಳೆಯದೋ" ಎಂಬ ಚರ್ಚೆಯೇ ಸ್ವಲ್ಪ ತಮಾಷೆಯದ್ದು.

ಮೇ ಕೊನೆಯಲ್ಲಿ ಹಾಕಿದೆ. ಎಂಜಿನ್ ತಣ್ಣಗಿರುವಾಗ, ಸೈಕಲ್ ಪಂಪಿನಿಂದ ಪ್ಲಗ್ಗಿನ ಸುತ್ತಲ ಮುರಕಲ್ಲಿನ ಕೆಂಪು ಧೂಳನ್ನೆಲ್ಲ ಊದಿ, ಒಂದು ವೈರು ತೆಗೆದು ಒಂದು ಪ್ಲಗ್, ಆಮೇಲೆ ಇನ್ನೊಂದು. ಮೂರೂ ವೈರು ಒಟ್ಟಿಗೆ ಎಳೆದು ಆಮೇಲೆ ಯಾವುದು ಎಲ್ಲಿಗೆ ಅಂತ ತಲೆ ಕೆರೆದುಕೊಂಡ ಅನುಭವ ಹಿಂದೆ ಆಗಿದೆ. ಹೊಸ ಪ್ಲಗ್ಗನ್ನು ಕೈಯಲ್ಲೇ ಪೂರ್ತಿ ತಿರುಗಿಸಿ ಕೂರಿಸಬೇಕು. ಹೆಡ್ಡು ಅಲ್ಯೂಮಿನಿಯಂ, ಮರೆ (ತಿರುಪಿನ ಗೆರೆ) ತಪ್ಪಿ ಸ್ಪ್ಯಾನರ್ ಹಾಕಿ ಒತ್ತಿದರೆ ಮರೆಯೇ ಹೋಗುತ್ತದೆ, ಆಮೇಲೆ ಲೇತಿನವನ ಮನೆ ಬಾಗಿಲು. ಕೈಯಲ್ಲಿ ಕೂತ ಮೇಲೆ 21 ನಂಬರಿನ ಪ್ಲಗ್ ಸ್ಪ್ಯಾನರಿನಲ್ಲಿ ಅರ್ಧ ಸುತ್ತು, ಹೆಚ್ಚೆಂದರೆ ಇನ್ನೊಂದು ಚೂರು, ಹೊಸ ವಾಶರ್ ಚಪ್ಪಟೆಯಾಗುವಷ್ಟು. ಒಮ್ಮೆ ಚಪ್ಪಟೆಯಾದ ಹಳೆ ವಾಶರಿನ ಪ್ಲಗ್ಗಾದರೆ ಅಷ್ಟೂ ಬೇಡ, ಗಡಿಯಾರದ ಮುಳ್ಳು ಐದು ನಿಮಿಷ ಸರಿದಷ್ಟು ಸಾಕು.

ಹತ್ತು ದಿನ ವ್ಯಾನು ಚೆನ್ನಾಗಿ ಓಡಿತು. ಅಳಿಯನಿಗೆ ಫೋನ್ ಮಾಡಿ ಹೊಗಳಿಯೂ ಆಯಿತು. ಆಮೇಲೆ ಮಳೆ ಹಿಡಿಯಿತು.

ಒಂದು ಬೆಳಗ್ಗೆ ಐದು ಗೋಣಿ ಹೇರಿಕೊಂಡು ಮನೆಯ ಏರು ಹತ್ತುವಾಗ ವ್ಯಾನು ಕುಂಟಿತು. ಸೆಕೆಂಡ್ ಗೇರಿನಲ್ಲಿ ಟಕ್ ಟಕ್ ಅಂತ ಜಗ್ಗುವುದು, ಆಕ್ಸಿಲರೇಟರ್ ಒತ್ತಿದರೆ ಇನ್ನೂ ಜಾಸ್ತಿ. ಏರು ಮುಗಿದು ಸಪಾಟು ರಸ್ತೆಗೆ ಬಂದರೆ ಏನೂ ಆಗದವರ ಹಾಗೆ ಓಟ. ಮರುದಿನ ಬಿಸಿಲು ಬಂತು, ತೊಂದರೆ ಇಲ್ಲ. ಅದರ ಮರುದಿನ ಮಳೆ, ಮತ್ತೆ ಕುಂಟು. ಪೆಟ್ರೋಲಿಗೆ ನೀರು ಸೇರಿದೆ ಅಂದುಕೊಂಡೆ. ಏರ್ ಫಿಲ್ಟರ್ ತೆಗೆದು ಕೊಡವಿದೆ. ಮನೆಯವಳು "ಹೊಸ ಪ್ಲಗ್ ಹಾಕಿದ ಮೇಲೆಯೇ ಅಲ್ವಾ" ಅಂತ ಒಂದು ಮಾತು ಅಂದಳು. ಎರಡು ಸಾವಿರದ ನೂರು ರೂಪಾಯಿ ಕೊಟ್ಟವನಿಗೆ ಆ ಮಾತು ಹಿಡಿಸುವುದುಂಟಾ. ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂರು ವಾರ ಹೀಗೇ ಕಳೆಯಿತು. ಕೊನೆಗೆ ಇರಿಡಿಯಂ ಮೂರನ್ನೂ ಬಿಚ್ಚಿ ಡಬ್ಬದಲ್ಲಿದ್ದ ಹಳೆಯ ನಿಕಲ್ ಪ್ಲಗ್ಗುಗಳನ್ನೇ ಹಾಕಿದೆ. ಜಡಿಮಳೆಯಲ್ಲಿ ಏರು ಹತ್ತಿಸಿದೆ. ಕುಂಟಲಿಲ್ಲ, ಪೂರ್ತಿ ಸರಿಯೂ ಇಲ್ಲ, ಆದರೆ ಎಷ್ಟೋ ವಾಸಿ. ಮುಗಿಯಿತು, ಇರಿಡಿಯಂ ಡುಪ್ಲಿಕೇಟ್ ಅಂತ ತೀರ್ಮಾನ ಮಾಡಿ, ಎರಡು ದಿನ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮೂರನೆಯ ದಿನ ಪ್ಲಗ್ಗುಗಳನ್ನು ಪೆಟ್ಟಿಗೆ ಸಮೇತ ನಮ್ಮ ಮೆಕ್ಯಾನಿಕ್ಕಿನ ಮುಂದೆ ಇಟ್ಟೆ. ಆತ ಒಂದೊಂದನ್ನೇ ತಿರುಗಿಸಿ ನೋಡಿ, ಎರಡನೆಯದರ ತಲೆಯನ್ನು ಎರಡು ಬೆರಳಲ್ಲಿ ಹಿಡಿದು ತಿರುವಿದ. ತಿರುಗಿತು! "ಪ್ಲಗ್ ಎಡ್ಡೆ ಉಂಡು ಭಟ್ರೆ, ಟೊಪ್ಪಿ ತೂಲೆ" ಅಂದ. ಪ್ಲಗ್ ಚೆನ್ನಾಗಿಯೇ ಇದೆ, ಟೊಪ್ಪಿ ನೋಡಿ ಅಂತ.

ಪ್ಲಗ್ಗಿನ ತುತ್ತತುದಿಯಲ್ಲಿ, ವೈರಿನ ಟೊಪ್ಪಿ ಕೂರುವ ಜಾಗದಲ್ಲಿ, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಒಂದು ನಟ್ಟು ಇರುತ್ತದೆ. ಕೆಲವು ಪ್ಲಗ್ಗಿನಲ್ಲಿ ಅದು ಮೈಗೆ ಅಂಟಿಕೊಂಡೇ ಬರುತ್ತದೆ. ಕೆಲವದರಲ್ಲಿ ತಿರುಗಿಸಿ ಕಳಚಬಹುದು, ಯಾಕೆಂದರೆ ಎಷ್ಟೋ ಬೈಕುಗಳ ಟೊಪ್ಪಿ ಆ ನಟ್ಟಿಲ್ಲದೆ ಬರಿಯ ಮರೆಯ ಮೇಲೆಯೇ ಕೂರುತ್ತದೆ, ಕಾರಿನದ್ದಕ್ಕೆ ನಟ್ಟು ಬೇಕು. ಒಂದೇ ಪ್ಲಗ್ ಇಬ್ಬರಿಗೂ ಆಗಲಿ ಅಂತ ಹಾಗೆ ಮಾಡುತ್ತಾರೆ. ನಾನು ತರಿಸಿದ್ದು ಕಳಚುವ ಜಾತಿಯದ್ದು. ಪೆಟ್ಟಿಗೆಯಿಂದ ಬರುವಾಗ ಆ ನಟ್ಟು ಕೈಬಿಗಿಯಷ್ಟೇ ಇರುತ್ತದೆ, ಇಕ್ಕಳದಲ್ಲಿ ಹಗುರಕ್ಕೆ ಒಂದು ಬಿಗಿ ಕೊಟ್ಟೇ ಹಾಕಬೇಕು. ಎರಡಕ್ಕೆ ಅದೃಷ್ಟ ಇತ್ತು. ಉಳಿದ ಒಂದು ಎಂಜಿನ್ನಿನ ನಡುಕಕ್ಕೆ ಒಂದೊಂದೇ ಮರೆ ಸಡಿಲಾಗುತ್ತಾ ಬಂದಿದೆ.

ಸಡಿಲಾದಲ್ಲಿ ಏನಾಯಿತು ಅಂತ ಅವನು ತೋರಿಸಿದ. ನಟ್ಟಿನ ಒಳಮರೆ ಕಪ್ಪಾಗಿ, ಅಂಚು ಇಲಿ ಕಡಿದ ಹಾಗೆ ಚೂರುಚೂರು ತಿಂದುಹೋಗಿತ್ತು. ಸಿಲಿಂಡರಿನ ಒಳಗೆ ಹಾರಬೇಕಾದ ಕಿಡಿಗೆ ಮೊದಲು ಇಲ್ಲೊಂದು ಸಂದು ದಾಟಬೇಕಾಗಿತ್ತು. ವೈರಿನ ಟೊಪ್ಪಿ ಬಿಡಿಸಿದರೆ ಅದರೊಳಗಿನ ತಗಡೂ ಹಸಿರು ಹಿಡಿದು ಸುಟ್ಟಿದೆ, ರಬ್ಬರಿನ ಒಳಮೈಗೆ ಕೂದಲೆಳೆಯಂಥ ಕಪ್ಪು ಗೆರೆ. ಆ ಗೆರೆಯ ಮೇಲೆ ಮಳೆಗಾಲದ ಥಂಡಿ ಕೂತರೆ ಕರೆಂಟು ಅದೇ ದಾರಿ ಹಿಡಿದು ಹೊರಗೆ ಹೋಗುತ್ತದೆ. ಬಿಸಿಲಲ್ಲಿ ಸರಿ, ಮಳೆಯಲ್ಲಿ ಕುಂಟು. ಸಪಾಟಿನಲ್ಲಿ ಸರಿ, ಏರಿನಲ್ಲಿ ಕುಂಟು, ಯಾಕೆಂದರೆ ಭಾರ ಬಿದ್ದಾಗ ಸಿಲಿಂಡರಿನ ಒತ್ತಡ ಹೆಚ್ಚು, ಕಿಡಿ ಹಾರಲು ವೋಲ್ಟೇಜೂ ಹೆಚ್ಚು ಬೇಕು. ಹಳೆಯ ಪ್ಲಗ್ ಹಾಕಿದಾಗ ಪೂರ್ತಿ ಸರಿಯಾಗದ್ದು ಟೊಪ್ಪಿ ಮೊದಲೇ ಹಾಳಾಗಿದ್ದರಿಂದ. ಮೂರು ವಾರ ನಾನು ಪೆಟ್ರೋಲ್ ಬಂಕನ್ನು ಬೈದೆ, ಮಾರಿದವನನ್ನು ಬೈದೆ, ಅಳಿಯನನ್ನು ಮನಸ್ಸಿನಲ್ಲೇ ಬೈದೆ. ಬಿಗಿಯದೆ ಬಿಟ್ಟವನು ನಾನೇ.

ವೈರುಗಳ ಹೊಸ ಸೆಟ್ಟು ಹಾಕಿಸಬೇಕಾಯಿತು. ಇರಿಡಿಯಂ ಲೆಕ್ಕಕ್ಕೆ ಅದನ್ನೂ ಸೇರಿಸುವುದು ಅನ್ಯಾಯ ಅಂತ ಗೊತ್ತು. ಸೇರಿಸಿದ್ದೇನೆ.

ಸುಟ್ಟ ನಟ್ಟಿನ ಜಾಗಕ್ಕೆ ಒಂದು ಹಳೆ ಪ್ಲಗ್ಗಿನ ನಟ್ಟು ಹೊಂದಿತು. ಬಿಗಿದು ಅದೇ ಇರಿಡಿಯಂಗಳನ್ನು ಮತ್ತೆ ಹಾಕಿ ಐದು ತಿಂಗಳು ಓಡಿಸಿದೆ. ಆ ಮಟ್ಟಿಗೆ ಅವುಗಳಿಗೆ ನ್ಯಾಯ ಸಿಕ್ಕಿದೆ. ಏನು ವ್ಯತ್ಯಾಸ ಕಂಡಿತು ಅಂದರೆ, ಮಳೆಗಾಲದ ಆಟಿ ತಿಂಗಳ ಥಂಡಿ ಬೆಳಗ್ಗೆ ಒಂದು ತಿರುವಿಗೆ ಸ್ಟಾರ್ಟ್. ನಿಕಲ್ಲಿನಲ್ಲಿ ಒಂದೂವರೆ. ಟ್ಯಾಂಕ್ ತುಂಬಿಸಿ ತುಂಬಿಸಿ ಮೈಲೇಜ್ ಲೆಕ್ಕ ಹಾಕಿದೆ. ಎರಡರದ್ದೂ ಹದಿನಾಲ್ಕರ ಆಚೆ ಈಚೆ, ಒಂದು ಸಲ ಇದು ಮುಂದೆ, ಒಂದು ಸಲ ಅದು. ಅಡಿಕೆ ಗೋಣಿಯೊಂದು ಹೆಚ್ಚಾದರೆ ಅದಕ್ಕಿಂತ ದೊಡ್ಡ ವ್ಯತ್ಯಾಸ ಬರುತ್ತದೆ. ಪಿಕಪ್ಪು, ಎಳೆತ ಅಂತೆಲ್ಲ ಹೇಳುತ್ತಾರೆ, ಓಮ್ನಿಯಲ್ಲಿ ಅದನ್ನು ಹುಡುಕಲು ಹೋಗಬಾರದು.

ಡಿಸೆಂಬರಿನಲ್ಲಿ ಸವೆತ ನೋಡೋಣ ಅಂತ ಬಿಚ್ಚಿದೆ. ಒಳಬದಿಯದಕ್ಕೆ ನನ್ನ ಕೈ ಸುಲಭಕ್ಕೆ ಹೋಗುವುದಿಲ್ಲ, ಬೆರಳ ತುದಿಯಲ್ಲಿ ಹಿಡಿದದ್ದು ಜಾರಿ ಶೆಡ್ಡಿನ ಸಿಮೆಂಟು ನೆಲಕ್ಕೆ ಮೂತಿ ಕೆಳಗಾಗಿ ಬಿತ್ತು. ಕಿಡಿ ಹಾರಿ ಮುಟ್ಟುವ ಹೊರಗಿನ ಕೊಂಡಿ ಬಾಗಿ ನಡುವಿನ ಆ ಸೂಜಿಗೆ ಅಂಟಿಕೊಂಡಿತು. ನಿಕಲ್ ಪ್ಲಗ್ಗಾದರೆ ಸಂದು ಅಳೆಯುವ ಫೀಲರ್ ಗೇಜ್ ಇಟ್ಟು ಕೊಂಡಿ ಮೀಟಿ ಸಂದು ಸರಿಮಾಡಬಹುದಿತ್ತು. ಇದನ್ನು ಮೀಟಲು ಹೋದೆ, ಸೂಜಿಯೇ ಮುರಿಯಿತು. ಏಳುನೂರು ರೂಪಾಯಿ. ನಿಜ ಹೇಳಬೇಕೆಂದರೆ ಕೆಳಗೆ ಬಿದ್ದ ಪ್ಲಗ್ ಯಾವುದೇ ಆಗಲಿ ಮತ್ತೆ ಹಾಕಬಾರದು, ಒಳಗಿನ ಪಿಂಗಾಣಿ ಬಿರುಕು ಬಿಟ್ಟಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ನೂರ ಹತ್ತು ರೂಪಾಯಿಯದ್ದು ಬಿದ್ದರೆ ಬಿಸಾಡಲು ಮನಸ್ಸು ಬರುತ್ತದೆ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ಲಾಟಿನಂ ನಾನು ಹಾಕಿ ನೋಡಿಲ್ಲ, ನಮ್ಮ ಕಡೆ ಅಂಗಡಿಯಲ್ಲಿ ಕಂಡದ್ದೂ ಇಲ್ಲ. ಮೂರು ನಾಲ್ಕು ಕೊಂಡಿಯ ಪ್ಲಗ್ಗಿನಲ್ಲಿ ಒಂದು ಸಲಕ್ಕೆ ಕಿಡಿ ಹಾರುವುದು ಒಂದೇ ಕೊಂಡಿಗೆ. ನಾಲ್ಕು ಕಿಡಿಯ ಆಸೆಗೆ ದುಡ್ಡು ಕೊಡಬೇಡಿ. ಡುಪ್ಲಿಕೇಟಿನ ಭಯ ಇದ್ದರೆ ಪಿಂಗಾಣಿಯ ಮೇಲಿನ ಅಕ್ಷರವನ್ನು ಉಗುರಿನಲ್ಲಿ ಕೆರೆದು ನೋಡಿ. ಕಾಸರಗೋಡಿನ ಅಂಗಡಿಯೊಂದರಲ್ಲಿ "ಒರಿಜಿನಲ್ ತನ್ನೆ" (ಅಸಲಿಯೇ) ಅಂತ ಕೊಟ್ಟದ್ದರ ಅಕ್ಷರ ಹೆಬ್ಬೆರಳಿಗೇ ಬಂದಿತ್ತು.

ಅಪ್ಪನ ದಾರಿ ಬೇರೆಯೇ ಇತ್ತು. ಹಳೆ ಪ್ಲಗ್ಗನ್ನು ಪೆಟ್ರೋಲಿನಲ್ಲಿ ತೊಳೆದು, ತಂತಿ ಬ್ರಶ್ಶಿನಲ್ಲಿ ಉಜ್ಜಿ, ಮರಳುಕಾಗದ ತೋರಿಸಿ, ಮತ್ತೆ ಅದನ್ನೇ ಹಾಕುವುದು. ಹುಲ್ಲು ಹೊಡೆಯುವ ಮೆಷಿನ್ನಿಗೆ ನಾನೂ ಇವತ್ತಿಗೂ ಹಾಗೆಯೇ ಮಾಡುತ್ತೇನೆ, ಟೂ ಸ್ಟ್ರೋಕಿನ ಎಣ್ಣೆ ಮಸಿಗೆ ವಾರಕ್ಕೊಂದು ಹೊಸ ಪ್ಲಗ್ ಕೊಡಲು ಆಗುವುದಿಲ್ಲ. ವ್ಯಾನಿಗೆ ಬೇಡ. ಉಜ್ಜಿದರೆ ಮಸಿ ಹೋದೀತು, ಉರುಟಾದ ಅಂಚು ಮತ್ತೆ ಚೂಪಾಗುವುದಿಲ್ಲ, ತಂತಿಯ ಗುರುತು ಪಿಂಗಾಣಿಯ ಮೇಲೆ ಉಳಿದರೆ ಅದೂ ಕರೆಂಟಿಗೆ ದಾರಿ. ಆದರೆ ಅಪ್ಪ ಮೂತಿ ನೋಡಿ ಎಂಜಿನ್ನಿನ ಕತೆ ಹೇಳುತ್ತಿದ್ದರು, ಅದನ್ನು ಬಿಟ್ಟಿಲ್ಲ. ಒಣ ಅಡಿಕೆ ಸಿಪ್ಪೆಯ ಬಣ್ಣ ಇದ್ದರೆ ನೆಮ್ಮದಿ. ಒಣ ಮಸಿಯಾದರೆ ಪೆಟ್ರೋಲು ಹೆಚ್ಚು, ಇಲ್ಲವೇ ನನ್ನ ಹಾಗೆ ಪೇಟೆ ಓಟ. ಎಣ್ಣೆ ಜಿಡ್ಡಾದರೆ ಎಂಜಿನ್ನೇ ಆಯಿಲ್ ಕುಡಿಯುತ್ತಿದೆ. ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ಬಿಸಿ ಜಾಸ್ತಿ, ಕೂಡಲೇ ತೋರಿಸಿ. ಇದಕ್ಕೋಸ್ಕರವಾದರೂ ನನಗೆ ನಿಕಲ್ ಇಷ್ಟ. ವರ್ಷಕ್ಕೊಮ್ಮೆ ಬಿಚ್ಚುತ್ತೇನೆ, ನೋಡುತ್ತೇನೆ. ಲಕ್ಷ ಕಿಲೋಮೀಟರ್ ನೋಡದೆ ಬಿಟ್ಟರೆ ಪ್ಲಗ್ಗು ಮರೆಯಲ್ಲೇ ಹಿಡಿದು ಕೂರುವ ಭಯ ಬೇರೆ.

ಲೆಕ್ಕಕ್ಕೆ ಬರುತ್ತೇನೆ. ನಿಕಲ್ ಪ್ಲಗ್ಗನ್ನು ನಾನು ಇಪ್ಪತ್ತು ಸಾವಿರ ಕಿಲೋಮೀಟರಿಗೆ ಬದಲಿಸುತ್ತೇನೆ, ನನ್ನ ಓಟಕ್ಕೆ ಅದು ಮೂರು ವರ್ಷ. ಮೂರು ವರ್ಷಕ್ಕೆ ಮುನ್ನೂರ ಮೂವತ್ತು ರೂಪಾಯಿ. ಇರಿಡಿಯಂ ಲಕ್ಷ ಕಿಲೋಮೀಟರ್ ಬಾಳಲು ನನ್ನ ವ್ಯಾನು ಇನ್ನೂ ಹದಿನೈದು ವರ್ಷ ಓಡಬೇಕು. ಓಮ್ನಿ ಮಾಡುವುದನ್ನೇ 2019ರಲ್ಲಿ ನಿಲ್ಲಿಸಿದ್ದಾರೆ. ತಳದ ತಗಡು ಉಪ್ಪುಗಾಳಿಗೂ ಮಳೆಗೂ ಈಗಲೇ ಎರಡು ಕಡೆ ತೂತು. ತಿಂಗಳಿಗೆ ಎರಡು ಸಾವಿರ ಕಿಲೋಮೀಟರ್ ಓಡಿಸುವವರು, ಪ್ಲಗ್ ಬಿಚ್ಚಲು ಅರ್ಧ ಎಂಜಿನ್ ಬಿಚ್ಚಬೇಕಾದವರು ಇರಿಡಿಯಂ ಹಾಕಿ, ನಾನು ಬೇಡ ಅನ್ನುವುದಿಲ್ಲ. ಕಂಪೆನಿಯೇ ಇರಿಡಿಯಂ ಹಾಕಿ ಕೊಟ್ಟ ಕಾರಿಗೆ ನನ್ನ ಮಾತು ಕೇಳಿ ನಿಕಲ್ ಹಾಕಲೂ ಹೋಗಬೇಡಿ.

ಈಗ ವ್ಯಾನಿನಲ್ಲಿ ಹೊಸ ಬಿಪಿಆರ್ 6 ಇಎಸ್ ಮೂರು ಕೂತಿವೆ. ಇವುಗಳದ್ದೂ ಕಳಚುವ ನಟ್ಟೇ, ಅಂಗಡಿಯ ಮೇಜಿನ ಮೇಲೆಯೇ ಇಕ್ಕಳ ಕೇಳಿ ಬಿಗಿದು ತಂದೆ. ಉಳಿದ ಎರಡು ಇರಿಡಿಯಂ ಅಟ್ಟದ ಮೇಲೆ ಡಬ್ಬದಲ್ಲಿವೆ. ಮೂರು ಸಿಲಿಂಡರಿಗೆ ಎರಡನ್ನು ಏನು ಮಾಡುವುದು ಅಂತ ಅಳಿಯನನ್ನು ಕೇಳಿದೆ. "ಒಂದು ಹಳೆ ನ್ಯಾನೋ ತೆಗೊಳ್ಳಿ ಮಾವ, ಅದಕ್ಕೆ ಎರಡೇ ಸಿಲಿಂಡರ್" ಅಂದ.